ಹೊಸ ಎಂಜಿನ್ನಿಗೆ ಯಾವ ಎಣ್ಣೆ?

ಯಂತ್ರವೆಂದರೆ ಗಿರಣಿ, ಕಾರ್ಖಾನೆ, ರೈಲ್ವೆಗಳ ಸ್ವತ್ತು ಎಂಬ ಭಾವನೆ ನಮ್ಮ ನಾಡಿನಲ್ಲಿ ಬಹುಕಾಲ ಇದ್ದಿತು. ಇಂದು ಆ ಸ್ಥಿತಿ ಇಲ್ಲ. ಮಲೆನಾಡಿನ ಅಡಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರ, ಬಯಲುಸೀಮೆಯ ಹೊಲದಂಚಿನಲ್ಲಿ ಪೆಟ್ರೋಲ್ ಪಂಪು, ಸಾಲುಗಳ ನಡುವೆ ಮಣ್ಣು ಸಡಿಲಿಸುವ ಪವರ್ ವೀಡರು, ಅಂಗಡಿಯ ಬಾಗಿಲಲ್ಲಿ ಗುಡುಗುಡಿಸುವ ಜನರೇಟರು—ಇವೆಲ್ಲವುಗಳ ಒಡಲಲ್ಲಿಯೂ ಒಂದು ಚಿಕ್ಕ ಎಂಜಿನ್ ಕುಳಿತಿದೆ. ಇವನ್ನು ಕೊಳ್ಳುವವರು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಕೃಷಿಕರು, ಸಣ್ಣ ವ್ಯಾಪಾರಿಗಳು, ದಿನಗೂಲಿಗೆ ಯಂತ್ರವನ್ನು ಹೊತ್ತು ತಿರುಗುವ ಶ್ರಮಜೀವಿಗಳು. ಸಾಲ ಮಾಡಿ ತಂದ ಯಂತ್ರ ಹತ್ತು ವರ್ಷ ಬಾಳಿದರೆ ಅದು ಆಸ್ತಿ. ಎರಡನೆಯ ಮಳೆಗಾಲಕ್ಕೇ ಸಿಲಿಂಡರು ಸವೆದು ನೀಲಿ ಹೊಗೆ ಉಗುಳತೊಡಗಿದರೆ ಅದೇ ಹೊರೆ. ಈ ಎರಡು ಗತಿಗಳಲ್ಲಿ ಯಾವುದು ಒದಗುವುದೆಂಬುದು ಬಹುಮಟ್ಟಿಗೆ ಅದರ ಹೊಟ್ಟೆಯಲ್ಲಿರುವ ಅರ್ಧ ಲೀಟರಿನಷ್ಟು ಕೀಲೆಣ್ಣೆಯನ್ನು ಅವಲಂಬಿಸಿದೆ.

ಆದುದರಿಂದ ಹೊಸ ಎಂಜಿನ್ನನ್ನು ಕೊಂಡವನಿಗೆ ಮೊದಲು ಎದುರಾಗುವ ಪ್ರಶ್ನೆ ಎಣ್ಣೆಯದೇ. ಅನೇಕ ಸಣ್ಣ ಎಂಜಿನ್ನುಗಳು ಕಾರ್ಖಾನೆಯಿಂದ ಎಣ್ಣೆಯಿಲ್ಲದೆಯೇ ಹೊರಬರುತ್ತವೆ, ತುಂಬಬೇಕಾದವನು ಕೊಂಡವನೇ. ಅಂಗಡಿಯ ಕಪಾಟಿನಲ್ಲಿ ಎರಡು ಬಗೆಯ ಡಬ್ಬಿಗಳು ಅವನನ್ನು ಎದುರುಗೊಳ್ಳುತ್ತವೆ. ಒಂದು, ನೆಲದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಶೋಧಿಸಿ ಪಡೆದ ರೂಢಿಯ ಖನಿಜ ತೈಲ. ಇನ್ನೊಂದು, ಎಲ್ಲರೂ ‘ಸಿಂಥೆಟಿಕ್’ ಎಂದು ಕರೆಯುವ ಸಂಶ್ಲೇಷಿತ ತೈಲ. ಇದರ ಬೆಲೆ ಸಾಮಾನ್ಯವಾಗಿ ಮೊದಲಿನದರ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಅಧಿಕ. ಯಾವುದನ್ನು ಕೊಳ್ಳಬೇಕು? ಈ ವಿಷಯದಲ್ಲಿ ಎರಡು ಪಕ್ಷಗಳಿವೆ. “ಹೊಸ ಎಂಜಿನ್ನಿಗೆ ಸಂಶ್ಲೇಷಿತ ತೈಲ ಹಾಕಲೇಬಾರದು, ಅದು ಅತಿಯಾಗಿ ಜಾರುವುದರಿಂದ ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವುದೇ ಇಲ್ಲ” ಎಂಬುದು ಹಳಬರ ಪಕ್ಷ. “ಉತ್ತಮವಾದುದನ್ನು ಮೊದಲ ದಿನದಿಂದಲೇ ಹಾಕಿ, ಮತ್ತೆ ಚಿಂತೆಯೇ ಬೇಡ” ಎಂಬುದು ಹೊಸಬರ ಪಕ್ಷ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಹೊಸ ಸಣ್ಣ ಎಂಜಿನ್ನಿಗೆ ಮೊದಲು ಖನಿಜ ತೈಲವನ್ನೇ ಹಾಕಬೇಕೆಂಬ ಹಳಬರ ಆಚರಣೆ ಸರಿಯಾದುದು. ಆದರೆ ಅದಕ್ಕೆ ಅವರು ಕೊಡುವ ಕಾರಣ ಸರಿಯಾದುದಲ್ಲ. ಆಚರಣೆ ಸರಿಯಿದ್ದ ಮೇಲೆ ಕಾರಣದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ತಪ್ಪು ಕಾರಣವನ್ನು ನಂಬಿದವನ ಮೊದಲನೆಯ ಹೆಜ್ಜೆ ಸರಿಯಾಗಿ ಬಿದ್ದರೂ ಎರಡನೆಯ ಹೆಜ್ಜೆ ಹಳ್ಳಕ್ಕೆ ಬೀಳುತ್ತದೆ. ಸಣ್ಣ ಎಂಜಿನ್ನುಗಳ ವಿಷಯದಲ್ಲಿ ಆಗುತ್ತಿರುವುದು ಇದೇ. ಇದನ್ನು ಮನಗಾಣಬೇಕಾದರೆ ಎಣ್ಣೆ ಎಂಜಿನ್ನಿನೊಳಗೆ ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು.

ಎಣ್ಣೆ ಸವರಿದರೆ ಘರ್ಷಣೆ ಕಡಮೆಯಾಗುತ್ತದೆಂಬುದು ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದ ನಮ್ಮ ಹಿರಿಯರಿಗೂ ಗೊತ್ತಿದ್ದ ಸಂಗತಿ. ಆದರೆ ಅದು ಹೇಗೆ ಎಂಬುದು ಸ್ಪಷ್ಟವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಇಂಗ್ಲೆಂಡಿನಲ್ಲಿ ಬೋಚಂಪ್ ಟವರ್ ಎಂಬಾತ ರೈಲುಗಾಡಿಗಳ ಬೇರಿಂಗುಗಳನ್ನು ಕುರಿತು ಪ್ರಯೋಗಗಳನ್ನು ನಡೆಸಿ 1883ರಲ್ಲಿ ವರದಿ ಮಾಡಿದನು. ಎಣ್ಣೆ ಹನಿಸುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಆತ ಒಂದು ರಂಧ್ರ ಕೊರೆಸಿದ್ದನು. ಅಚ್ಚು ತಿರುಗತೊಡಗಿದಾಗ ಆ ರಂಧ್ರದಿಂದ ಎಣ್ಣೆ ಒಳಕ್ಕೆ ಇಳಿಯುವ ಬದಲು ಮೇಲಕ್ಕೆ ಉಕ್ಕಿ ಬಂದಿತು. ಬಿರಡೆ ಹಾಕಿ ಮುಚ್ಚಿದರೆ ಬಿರಡೆ ಹೊರಗೆಸೆಯಲ್ಪಟ್ಟಿತು. ಮರದ ಬೆಣೆಯನ್ನು ಬಡಿದರೆ ಅದಕ್ಕೂ ಅದೇ ಗತಿಯಾಯಿತು. ಕೊನೆಗೆ ಅಲ್ಲಿ ಒತ್ತಡಮಾಪಕವನ್ನು ಜೋಡಿಸಿ ನೋಡಲು, ಎಣ್ಣೆಯ ಒತ್ತಡ ಚದರ ಅಂಗುಲಕ್ಕೆ 200 ಪೌಂಡುಗಳನ್ನೂ ಮೀರಿತ್ತು. ಅಂದರೆ ಹೊರೆ ಹೊತ್ತಿದ್ದುದು ಲೋಹವಲ್ಲ. ಎರಡು ಲೋಹಗಳ ನಡುವೆ ಸಿಕ್ಕಿಕೊಂಡಿದ್ದ ಎಣ್ಣೆಯ ತೆಳುಪದರ.

ಈ ವಿಚಿತ್ರಕ್ಕೆ ಗಣಿತದ ವಿವರಣೆಯನ್ನು ಕೊಟ್ಟವನು ಆಸ್ಬರ್ನ್ ರೆನಾಲ್ಡ್ಸ್. 1886ರಲ್ಲಿ ಪ್ರಕಟವಾದ ಅವನ ಪ್ರಬಂಧದ ಸಾರವನ್ನು ಹೀಗೆ ಹೇಳಬಹುದು: ತಿರುಗುವ ಅಚ್ಚು ತನಗೆ ಅಂಟಿದ ಎಣ್ಣೆಯನ್ನು ಎಳೆದುಕೊಂಡು ಹೋಗುತ್ತದೆ, ಅಚ್ಚಿಗೂ ಬೇರಿಂಗಿಗೂ ನಡುವಣ ಸಂದು ಬೆಣೆಯಂತೆ ಕಿರಿದಾಗುತ್ತ ಹೋಗುವುದರಿಂದ, ಒಳಕ್ಕೆ ತಳ್ಳಲ್ಪಟ್ಟ ಎಣ್ಣೆ ಒತ್ತಡವನ್ನು ಪಡೆದು ಅಚ್ಚನ್ನು ಎತ್ತಿ ಹಿಡಿಯುತ್ತದೆ. ಈ ಪದರದ ದಪ್ಪ ಕೆಲವು ಮೈಕ್ರಾನುಗಳಷ್ಟು ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪದರವು ಉಳಿಯುವುದಕ್ಕೆ ಮೂರು ಬೇಕು: ಚಲನೆಯ ವೇಗ, ಸಾಕಷ್ಟು ಎಣ್ಣೆ, ಎಣ್ಣೆಯಲ್ಲಿ ತಕ್ಕಷ್ಟು ಸ್ನಿಗ್ಧತೆ. ಸ್ನಿಗ್ಧತೆ ಎಂದರೆ ಹರಿಯುವುದಕ್ಕೆ ದ್ರವ ಒಡ್ಡುವ ವಿರೋಧ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಉದ್ದನೆಯ ಗಾಜಿನ ಕೊಳವೆಗೆ ಹರಳೆಣ್ಣೆಯನ್ನು ತುಂಬಿ, ಅದರಲ್ಲಿ ಉಕ್ಕಿನ ಗುಂಡನ್ನು ಬಿಟ್ಟು, ಅದು ಇಳಿಯುವ ವೇಗದಿಂದ ನಾವು ಇದನ್ನು ಅಳೆಯಿಸುತ್ತೇವೆ. ಬೆಳಗಿನ ತಂಪಿನಲ್ಲಿ ಪ್ರಯೋಗ ಮಾಡಿದ ವಿದ್ಯಾರ್ಥಿಗೂ ಮಧ್ಯಾಹ್ನದ ಸೆಕೆಯಲ್ಲಿ ಮಾಡಿದವನಿಗೂ ಒಂದೇ ಉತ್ತರ ಬರುವುದಿಲ್ಲ. ಬಿಸಿ ಏರಿದಂತೆ ಎಣ್ಣೆ ತೆಳುವಾಗುವುದೇ ಇದಕ್ಕೆ ಕಾರಣ. ಎಂಜಿನ್ ಎಣ್ಣೆಯ ಸಮಸ್ಯೆಯೆಲ್ಲ ಹುಟ್ಟುವುದು ಇಲ್ಲಿಯೇ: ತಣ್ಣಗಿರುವಾಗ ಅದು ಜಡವಾಗಬಾರದು, ಕಾದಾಗ ನೀರಾಗಬಾರದು.

ತಿರುಗುವ ಅಚ್ಚಿನ ಮಾತು ಹೀಗಾಯಿತು. ಆದರೆ ಪಿಸ್ಟನ್ ತಿರುಗುವುದಿಲ್ಲ. ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಆಟದ ಎರಡು ಕೊನೆಗಳಲ್ಲಿಯೂ ಅದು ಒಂದು ಕ್ಷಣ ನಿಲ್ಲಲೇಬೇಕು. ನಿಂತಲ್ಲಿ ವೇಗವಿಲ್ಲ, ವೇಗವಿಲ್ಲದಲ್ಲಿ ರೆನಾಲ್ಡ್ಸನ ಬೆಣೆಯೂ ಇಲ್ಲ. ಅದರಲ್ಲಿಯೂ ಮೇಲಿನ ಕೊನೆಯಲ್ಲಿ ಉರಿಯುವ ಅನಿಲದ ಒತ್ತಡ ಪಿಸ್ಟನ್ನಿನ ಉಂಗುರಗಳನ್ನು, ಅಂದರೆ ರಿಂಗುಗಳನ್ನು, ಸಿಲಿಂಡರಿನ ಗೋಡೆಗೆ ಒತ್ತುತ್ತಿರುತ್ತದೆ. ಅಲ್ಲಿ ಲೋಹವನ್ನು ಕಾಯುವುದು ಎಣ್ಣೆಯ ದಪ್ಪ ಪದರವಲ್ಲ, ಲೋಹದ ಮೈಗೆ ಹತ್ತಿಕೊಂಡ ಅಣುಗಳ ತೆಳ್ಳನೆಯ ಲೇಪ. ಇಂಥ ಸ್ಥಿತಿಯನ್ನು 1922ರಲ್ಲಿ ಹಾರ್ಡಿ ಮತ್ತು ಡಬಲ್‌ಡೇ ಎಂಬ ವಿಜ್ಞಾನಿಗಳು ಪ್ರತ್ಯೇಕವಾಗಿ ಗುರುತಿಸಿದರು. ಇಂದಿನ ಎಂಜಿನ್ ಎಣ್ಣೆಗಳಲ್ಲಿ ಈ ಲೇಪವನ್ನು ಒದಗಿಸುವುದು ಮುಖ್ಯವಾಗಿ ಸತು ಮತ್ತು ರಂಜಕಗಳನ್ನೊಳಗೊಂಡ ಪೂರಕ ದ್ರವ್ಯಗಳು. ಈ ದ್ರವ್ಯಗಳನ್ನು ಖನಿಜ ತೈಲಕ್ಕೂ ಬೆರೆಸುತ್ತಾರೆ, ಸಂಶ್ಲೇಷಿತ ತೈಲಕ್ಕೂ ಬೆರೆಸುತ್ತಾರೆ. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಈಗ ಹೊಸ ಎಂಜಿನ್ನಿನ ವಿಶೇಷವೇನೆಂಬುದನ್ನು ನೋಡೋಣ. ಕಾರ್ಖಾನೆಯಲ್ಲಿ ಸಿಲಿಂಡರಿನ ಒಳಮೈಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಬೇಕೆಂದೇ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಎಳೆದಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಉತ್ತ ಹೊಲದಂತೆ ಕಾಣುತ್ತದೆ: ಅಲ್ಲಲ್ಲಿ ದಿಣ್ಣೆ, ನಡುನಡುವೆ ಸಾಲು. ಎಂಜಿನ್ ಓಡತೊಡಗಿದ ಮೊದಲ ಗಂಟೆಗಳಲ್ಲಿ ರಿಂಗುಗಳು ಈ ದಿಣ್ಣೆಗಳ ತುದಿಯನ್ನು ಉಜ್ಜಿ ಸಮತಟ್ಟು ಮಾಡುತ್ತವೆ. ತಾವೂ ಸ್ವಲ್ಪ ಸವೆದು ಗೋಡೆಯ ಆಕಾರಕ್ಕೆ ಹೊಂದಿಕೊಳ್ಳುತ್ತವೆ. ಸಾಲುಗಳು ಮಾತ್ರ ಎಣ್ಣೆಯನ್ನು ಹಿಡಿದಿಡುವ ಪುಟ್ಟ ಕಾಲುವೆಗಳಾಗಿ ಉಳಿಯುತ್ತವೆ. ಮೆಕ್ಯಾನಿಕ್ಕುಗಳು ಇದನ್ನು ‘ರನ್ನಿಂಗ್ ಇನ್’ ಎನ್ನುತ್ತಾರೆ. ಹೋರಿಯನ್ನು ನೊಗಕ್ಕೆ ಪಳಗಿಸುವಂತೆ ಎಂಜಿನ್ನನ್ನು ಪಳಗಿಸುವುದು ಎನ್ನಲು ಅಡ್ಡಿಯಿಲ್ಲ. ಪಳಗುವಿಕೆ ಸರಿಯಾದರೆ ಅನಿಲ ಕೆಳಕ್ಕೆ ಸೋರದು, ಎಣ್ಣೆ ಮೇಲಕ್ಕೆ ಏರಿ ಸುಡದು. ಆದರೆ ಉಜ್ಜಿಹೋದ ಲೋಹ ಎಲ್ಲಿಗೆ ಹೋಯಿತು? ಅದು ಎಣ್ಣೆಯೊಳಗೇ ಇದೆ. ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ಬಿಳಿಯ ತಟ್ಟೆಗೆ ಬಸಿದು ಬಿಸಿಲಿನಲ್ಲಿ ಓರೆಯಾಗಿ ಹಿಡಿದರೆ ಅಭ್ರಕದ ಪುಡಿಯಂತೆ ಮಿನುಗುವ ಕಣಗಳು ಕಾಣುವುದುಂಟು. ಆ ಮಿನುಗು ಅದೇ ಲೋಹ.

ಇನ್ನು ಸಂಶ್ಲೇಷಿತ ತೈಲ. ಕಚ್ಚಾ ಎಣ್ಣೆಯಲ್ಲಿ ನಾನಾ ಗಾತ್ರದ, ನಾನಾ ಆಕಾರದ ಅಣುಗಳು ಬೆರೆತಿರುತ್ತವೆ; ಎಷ್ಟು ಶೋಧಿಸಿದರೂ ಖನಿಜ ತೈಲದಲ್ಲಿ ಬೇಡದ ಕೆಲವು ಉಳಿದುಕೊಳ್ಳುತ್ತವೆ. ಚಿಕ್ಕ ಅಣುಗಳನ್ನು ಒಂದಕ್ಕೊಂದು ಪೋಣಿಸಿ, ಬೇಕಾದ ಗಾತ್ರದ ಅಣುಗಳನ್ನೇ ಕಟ್ಟಿಕೊಳ್ಳುವುದು ಸಂಶ್ಲೇಷಣೆಯ ಉದ್ದೇಶ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಯಂ ಕೊರತೆಯಿಂದ ಬಳಲಿದ ಜರ್ಮನಿ ಈ ಮಾರ್ಗದಲ್ಲಿ ಬಹಳ ದೂರ ಸಾಗಿತು. ಅನಂತರ ಬಂದ ಜೆಟ್ ವಿಮಾನಗಳ ಉರಿಬಿಸಿಗೆ ಬೇರೆ ಎಣ್ಣೆಗಳು ತಾಳದೆ ಹೋದುದರಿಂದ ಅಲ್ಲಿಯೂ ಇದು ನೆಲೆಯೂರಿತು. ಮೋಟಾರುಗಾಡಿಗಳ ಮಾರುಕಟ್ಟೆಗೆ ಅದು ಹೆಸರುವಾಸಿಯಾಗಿ ಬಂದುದು 1970ರ ದಶಕದಲ್ಲಿ. ಬಿಸಿಯಲ್ಲಿ ಅದು ಅಷ್ಟಾಗಿ ತೆಳುವಾಗದು, ಚಳಿಯಲ್ಲಿ ಹೆಪ್ಪುಗಟ್ಟದು, ಕಾದ ಗಾಳಿಯೊಡನೆ ಬೆರೆತರೂ ಬೇಗನೆ ಕೆಡದು. ಈ ಗುಣಗಳು ನಿಜವಾದವು, ಜಾಹೀರಾತಿನ ಕಲ್ಪನೆಗಳಲ್ಲ.

ಆದರೆ ಡಬ್ಬಿಯ ಮೇಲಿನ ಆ ಪದಕ್ಕೆ ಇಂದು ಒಂದೇ ಅರ್ಥವಿಲ್ಲ. ಖನಿಜ ತೈಲವನ್ನೇ ಅತಿಯಾದ ಒತ್ತಡದಲ್ಲಿ ಜಲಜನಕದೊಡನೆ ವರ್ತಿಸುವಂತೆ ಮಾಡಿ ಅದರ ಅಣುಗಳನ್ನು ತಿದ್ದಿದರೂ ಬಹಳ ಒಳ್ಳೆಯ ಎಣ್ಣೆ ದೊರೆಯುತ್ತದೆ. ಇಂಥದನ್ನು ‘ಸಿಂಥೆಟಿಕ್’ ಎಂದು ಮಾರಬಹುದೆ ಎಂಬ ವಿಚಾರದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪೆನಿಗಳ ನಡುವೆ ಅಮೆರಿಕದಲ್ಲಿ ವಿವಾದ ಹುಟ್ಟಿತು. ಅಲ್ಲಿಯ ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆ ಮಾರಬಹುದೆಂದು 1999ರಲ್ಲಿ ಅಭಿಪ್ರಾಯ ಕೊಟ್ಟಿತು. ಅಂದಿನಿಂದ ಈ ಪದ ರಸಾಯನಶಾಸ್ತ್ರದ ಪದವಾಗಿರುವುದಕ್ಕಿಂತ ಹೆಚ್ಚಾಗಿ ವ್ಯಾಪಾರದ ಪದವಾಗಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಅನ್ವಯಿಸುವುದು ಅನ್ಯಾಯವಾದೀತು, ಏಕೆಂದರೆ ಆ ಎಣ್ಣೆ ಕೆಟ್ಟದ್ದೇನೂ ಅಲ್ಲ. ಆದರೂ ಹೆಸರಿಗೆ ಬೆಲೆ ಕೊಡುವವನು ಅದರೊಳಗೆ ಏನಿದೆಯೆಂದು ಕೇಳುವ ಹಕ್ಕನ್ನು ಬಿಟ್ಟುಕೊಡಬಾರದು.

ಈಗ ಹಳಬರ ವಾದವನ್ನು ಒರೆಗೆ ಹಚ್ಚೋಣ. ಸಂಶ್ಲೇಷಿತ ತೈಲ ಅತಿಯಾಗಿ ಜಾರುತ್ತದೆ, ಅದರಿಂದ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವುದಿಲ್ಲ ಎಂಬುದು ಆ ವಾದ. ಎಣ್ಣೆಪದರದ ದಪ್ಪವನ್ನು ನಿರ್ಣಯಿಸುವುದು ಎಣ್ಣೆಯ ಕುಲವಲ್ಲ, ಸ್ನಿಗ್ಧತೆ. 30ರ ದರ್ಜೆಯ ಎಣ್ಣೆ ಎಂದರೆ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸುಗಳ ನಡುವೆ ಇರಬೇಕೆಂಬುದು ಕಟ್ಟಳೆ. ಹೋಲಿಕೆಗೆ ಹೇಳುವುದಾದರೆ 20 ಡಿಗ್ರಿಯ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್ಸ್. ಖನಿಜ ತೈಲವಾಗಲಿ ಸಂಶ್ಲೇಷಿತ ತೈಲವಾಗಲಿ, 30ರ ದರ್ಜೆಯೆಂದರೆ ಈ ಎಲ್ಲೆಯೊಳಗೇ ಇರಬೇಕು. ಇನ್ನು ಪಿಸ್ಟನ್ ನಿಲ್ಲುವ ಕೊನೆಗಳಲ್ಲಿ ಲೋಹವನ್ನು ಕಾಯುವುದು ಪೂರಕ ದ್ರವ್ಯಗಳೆಂದೂ ಅವು ಎರಡರಲ್ಲಿಯೂ ಇವೆಯೆಂದೂ ಆಗಲೇ ಹೇಳಿದೆವು. ಹೀಗಿರುವಲ್ಲಿ ಒಂದು ಎಣ್ಣೆ ಪಳಗಿಸುತ್ತದೆ, ಇನ್ನೊಂದು ಪಳಗಿಸುವುದಿಲ್ಲ ಎನ್ನುವುದಕ್ಕೆ ಭೌತವಿಜ್ಞಾನದಲ್ಲಿ ಗಟ್ಟಿಯಾದ ಆಧಾರ ಕಾಣುವುದಿಲ್ಲ. ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಕಾರ್ವೆಟ್ ಕಾರಿನ ಎಂಜಿನ್ನಿಗೆ 1992ರಿಂದ ಕಾರ್ಖಾನೆಯಲ್ಲಿಯೇ ಸಂಶ್ಲೇಷಿತ ತೈಲವನ್ನು ತುಂಬಿ ಕಳುಹಿಸತೊಡಗಿದರು; ಆ ಎಂಜಿನ್ನುಗಳು ಪಳಗದೆ ಉಳಿಯಲಿಲ್ಲ.

ಹಾಗಾದರೆ ಹಳಬರ ನಂಬಿಕೆ ಗಾಳಿಯಲ್ಲಿ ಹುಟ್ಟಿತೆ? ಇಲ್ಲ. ಅದಕ್ಕೊಂದು ಬೇರು ವಿಮಾನಗಳ ಎಂಜಿನ್ನಿನಲ್ಲಿದೆ. ಸಣ್ಣ ವಿಮಾನಗಳಿಗೆ ಪಿಸ್ಟನ್ ಎಂಜಿನ್ನುಗಳನ್ನು ಮಾಡುವ ಲೈಕಮಿಂಗ್ ಸಂಸ್ಥೆ, ಟರ್ಬೊ ಇಲ್ಲದ ತನ್ನ ಹೊಸ ಎಂಜಿನ್ನುಗಳಲ್ಲಿ ಮೊದಲ 50 ಗಂಟೆ, ಇಲ್ಲವೆ ಎಣ್ಣೆಯ ಖರ್ಚು ಒಂದು ಸ್ಥಿತಿಗೆ ಬರುವವರೆಗೆ, ಬೆರಕೆಯಿಲ್ಲದ ಶುದ್ಧ ಖನಿಜ ತೈಲವನ್ನು ಬಳಸಬೇಕೆಂದು ಸೂಚಿಸಿದೆ. ಆದರೆ ಅಲ್ಲಿ ಮೊದಲಿಗೆ ಬೇಡವೆಂದುದು ಕೊಳೆಯನ್ನು ತೇಲಿಸಿಡುವ ಪೂರಕ ದ್ರವ್ಯವಿರುವ ಎಣ್ಣೆಯನ್ನು. ಚರ್ಚೆ ಖನಿಜಕ್ಕೂ ಸಂಶ್ಲೇಷಿತಕ್ಕೂ ಅಲ್ಲ, ಬೆರಕೆಯುಳ್ಳದ್ದಕ್ಕೂ ಬೆರಕೆಯಿಲ್ಲದ್ದಕ್ಕೂ. ಆ ಮಾತು ವಿಮಾನದಿಂದ ಇಳಿದು, ಕಾರಿನ ಗ್ಯಾರೇಜನ್ನು ಹಾದು, ಪಂಪ್‌ಸೆಟ್ಟಿನ ಅಂಗಡಿಗೆ ಬರುವಷ್ಟರಲ್ಲಿ ಅರ್ಧ ತೊಡೆದುಹೋಗಿದೆ.

ಇಷ್ಟಾದರೂ ನಾವು ಹೊಸ ಸಣ್ಣ ಎಂಜಿನ್ನಿಗೆ ಖನಿಜ ತೈಲವೇ ಇರಲಿ ಎನ್ನುವುದೇಕೆ? ಏಕೆಂದರೆ ಆ ಎಣ್ಣೆಯನ್ನು ಕೆಲವೇ ಗಂಟೆಗಳಲ್ಲಿ ಚೆಲ್ಲಬೇಕಾಗಿದೆ. ಕಾರಿನ ಎಂಜಿನ್ನಿನಲ್ಲಿ ಪಂಪೊಂದು ಎಣ್ಣೆಯನ್ನು ಶೋಧಕದ ಮೂಲಕ ಹಾಯಿಸುತ್ತದೆ. ಲೋಹದ ಕಣಗಳು ಅಲ್ಲಿ ಸಿಕ್ಕಿಬೀಳುತ್ತವೆ. ನಮ್ಮ ಪಂಪು, ವೀಡರು, ಜನರೇಟರುಗಳಲ್ಲಿರುವ ಬಹುತೇಕ ಎಂಜಿನ್ನುಗಳಲ್ಲಿ ಎಣ್ಣೆಯ ಪಂಪೂ ಇಲ್ಲ, ಶೋಧಕವೂ ಇಲ್ಲ. ಪ್ರಪಂಚದಾದ್ಯಂತ ಬಳಕೆಯಲ್ಲಿರುವ 163 ಘನ ಸೆಂಟಿಮೀಟರಿನ ಹೊಂಡಾ ಜಿಎಕ್ಸ್ 160 ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಹಿಡಿಯುವ ಎಣ್ಣೆ ಸುಮಾರು 0.6 ಲೀಟರ್. ಅದನ್ನು ಮೊದಲ ತಿಂಗಳ ಕೊನೆಗೆ ಅಥವಾ 20 ಗಂಟೆಗಳಿಗೆ ಬದಲಿಸಬೇಕು. ಅನಂತರ ಪ್ರತಿ 6 ತಿಂಗಳಿಗೆ ಅಥವಾ 100 ಗಂಟೆಗಳಿಗೆ ಬದಲಿಸಬೇಕು. ಬೇರೆ ಕೆಲವು ತಯಾರಕರು ಮೊದಲ ಬದಲಾವಣೆಯನ್ನು 5 ಗಂಟೆಗಳಿಗೇ ವಿಧಿಸುತ್ತಾರೆ. ಇಪ್ಪತ್ತು ಗಂಟೆ ಮಾತ್ರ ಬಾಳುವ ಎಣ್ಣೆಗೆ, ದೀರ್ಘಕಾಲ ಕೆಡದಿರುವ ಗುಣಕ್ಕಾಗಿಯೇ ತೆರುವ ಹೆಚ್ಚಿನ ಬೆಲೆಯನ್ನು ಕೊಡುವುದು ಮೂಗಿಗಿಂತ ಮೂಗುತಿ ಭಾರವೆಂಬಂತೆ. ಖನಿಜ ತೈಲವನ್ನು ಆರಿಸುವುದಕ್ಕೆ ನಿಜವಾದ ಕಾರಣ ಇಷ್ಟೇ: ಅದು ಎಂಜಿನ್ನನ್ನು ಹೆಚ್ಚಾಗಿ ಸವೆಸುತ್ತದೆಂದಲ್ಲ, ಅದನ್ನು ಚೆಲ್ಲುವಾಗ ಕೈ ಹಿಂಜರಿಯುವುದಿಲ್ಲ.

ತಪ್ಪು ಕಾರಣದಿಂದ ಆಗುವ ಹಾನಿಯನ್ನು ಈಗ ನೋಡಬಹುದು. ಮಲೆನಾಡಿನ ಪೇಟೆಯೊಂದರ ಅಂಗಡಿಯಲ್ಲಿ ನಾವು ಕೇಳಿದ ಎರಡು ಮಾತುಗಳನ್ನು ಇಲ್ಲಿ ಉಲ್ಲೇಖಿಸುತ್ತೇವೆ. ಮಾರುವ ಹುಡುಗ ಬೆಲೆಯುಳ್ಳ ಡಬ್ಬಿಯನ್ನು ಮುಂದಿಟ್ಟು, “ಇದನ್ನು ಹಾಕಿದ್ರೆ ಒಂದು ವರ್ಷ ಮುಚ್ಚಳ ಬಿಚ್ಚೋದೇ ಬೇಡ ಗೌಡ್ರೇ” ಎಂದನು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, “ಅದೆಲ್ಲ ಬೇಡ ಮಾರಾಯ. ಸಾದಾ ಎಣ್ಣೆಯಲ್ಲೇ ಒಂದು ಹಂಗಾಮು ಓಡಿಸು, ಚೆನ್ನಾಗಿ ಉಜ್ಜಿ ಪಳಗಲಿ” ಎಂದರು. ಇಬ್ಬರೂ ಒಬ್ಬರನ್ನೊಬ್ಬರು ವಿರೋಧಿಸುತ್ತಿದ್ದಂತೆ ತೋರಿತು. ವಾಸ್ತವವಾಗಿ ಇಬ್ಬರ ಸಲಹೆಯ ಫಲವೂ ಒಂದೇ: ಮೊದಲ ಗಂಟೆಗಳಲ್ಲಿ ಉದುರಿದ ಲೋಹದ ಪುಡಿ ಎಣ್ಣೆಯೊಳಗೇ ಉಳಿದು, ತಿಂಗಳುಗಟ್ಟಲೆ ಬೇರಿಂಗನ್ನೂ ಗೋಡೆಯನ್ನೂ ಮರಳು ಕಾಗದದಂತೆ ತಿಕ್ಕುತ್ತಿರುತ್ತದೆ. ಪಳಗುವಿಕೆ ಮುಗಿದ ಮೇಲೆ ಆಗುವ ಉಜ್ಜುವಿಕೆ ಪಳಗಿಸುವಿಕೆಯಲ್ಲ, ಸವೆತ. ಎಣ್ಣೆ ಎಷ್ಟೇ ಶ್ರೇಷ್ಠವಾಗಿರಲಿ, ಅದು ಲೋಹದ ಪುಡಿಯನ್ನು ಜೀರ್ಣಿಸಿಕೊಳ್ಳಲಾರದು.

ಪಳಗಿದ ಮೇಲೆ ಯಾವ ಎಣ್ಣೆ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಶ್ಲೇಷಿತ ತೈಲದ ಅತಿ ದೊಡ್ಡ ಗುಣ ಕೊರೆಯುವ ಚಳಿಯಲ್ಲಿಯೂ ಹರಿಯುವುದು. ಲಡಾಖಿನ ಚಳಿಗಾಲದಲ್ಲಿ ಜನರೇಟರನ್ನು ಚಾಲೂ ಮಾಡಬೇಕಾದವನಿಗೆ ಅದು ವರವೇ ಸರಿ. ಆದರೆ ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಕಡಮೆಯಾದ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಸಣ್ಣ ಎಂಜಿನ್ನುಗಳ ಹಳೆಯ ತಯಾರಕರಾದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಸಂಸ್ಥೆಯ ಪಟ್ಟಿಯಲ್ಲಿ 4 ಡಿಗ್ರಿಗಿಂತ ಮೇಲೆ 30ರ ಸಾದಾ ದರ್ಜೆಯ ಎಣ್ಣೆ ಸಲ್ಲುತ್ತದೆ. ನಮ್ಮಲ್ಲಿ ಚಳಿಗೆ ಹೆದರಿ ಹಣ ತೆರಬೇಕಾದ ಪ್ರಸಂಗ ಬಲು ಅಪರೂಪ.

ಬಿಸಿಯ ಮಾತು ಬೇರೆ. ಈ ಎಂಜಿನ್ನುಗಳಿಗೆ ತಂಪು ಕೊಡುವುದು ನೀರಲ್ಲ, ಗಾಳಿ. ಗಾಳಿಯೇ ಕಾದ ಕೆಂಡದಂತಿರುವ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ದಿನವಿಡೀ ಪೂರ್ಣ ಹೊರೆಯಲ್ಲಿ ಓಡುವ ಎಂಜಿನ್ನಿನ ಎಣ್ಣೆ 100 ಡಿಗ್ರಿಯನ್ನು ಮೀರುವುದು ಆಶ್ಚರ್ಯವಲ್ಲ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಎಣ್ಣೆ ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಇಂಥಲ್ಲಿ ಸಂಶ್ಲೇಷಿತ ತೈಲ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ. ಅದನ್ನು ಹಾಕುವ ಶಕ್ತಿಯುಳ್ಳವರು ಹಾಕಲಿ. ಆದರೆ ಅದೇ ಬ್ರಿಗ್ಸ್ ಅಂಡ್ ಸ್ಟ್ರಾಟನ್ ತನ್ನ ಕೈಪಿಡಿಗಳಲ್ಲಿ ಸಂಶ್ಲೇಷಿತ ತೈಲವನ್ನು ಎಲ್ಲ ಉಷ್ಣತೆಗಳಿಗೂ ಒಪ್ಪಿ, ಅದರಿಂದ ಎಣ್ಣೆ ಬದಲಿಸುವ ಅವಧಿ ಮಾತ್ರ ಹೆಚ್ಚುವುದಿಲ್ಲವೆಂದು ಎಚ್ಚರಿಸಿದೆ. ಕಾರಣ ಸ್ಪಷ್ಟವಾಗಿದೆ: ಎಣ್ಣೆ ತಾನು ಕೆಡದಿದ್ದರೂ ಧೂಳು, ಮಸಿ, ಪೆಟ್ರೋಲು, ಲೋಹದ ಕಣಗಳು ಅದರೊಳಗೆ ಸೇರುವುದು ನಿಲ್ಲುವುದಿಲ್ಲ. ಬೆಲೆಯುಳ್ಳ ಎಣ್ಣೆಯನ್ನು ಎರಡು ಅವಧಿ ಓಡಿಸುವವನಿಗಿಂತ ಸಾದಾ ಎಣ್ಣೆಯನ್ನು ಎರಡು ಸಲ ಬದಲಿಸುವವನು ತನ್ನ ಎಂಜಿನ್ನಿಗೆ ಹೆಚ್ಚು ಉಪಕಾರ ಮಾಡುತ್ತಾನೆ.

ನೂರು ಗಂಟೆ ಎಂಬುದು ಅಲ್ಪವೆಂದು ಕೆಲವರಿಗೆ ತೋರಬಹುದು. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು 100 ಗಂಟೆಗಳಲ್ಲಿ 5000 ಕಿಲೋಮೀಟರ್ ಕ್ರಮಿಸುತ್ತದೆ. ನಿಮಿಷಕ್ಕೆ 3600 ಸುತ್ತು ತಿರುಗುವ ಸಣ್ಣ ಎಂಜಿನ್ ಅಷ್ಟೇ ಅವಧಿಯಲ್ಲಿ 2 ಕೋಟಿ 16 ಲಕ್ಷ ಸುತ್ತು ತಿರುಗುತ್ತದೆ. ಅದೂ ಕಾರಿನಂತೆ ಆಗಾಗ ವಿರಮಿಸದೆ, ಹೊರೆಯ ಕೆಳಗೆ, ಕಾರಿನದಕ್ಕಿಂತ ಎಷ್ಟೋ ಕಡಮೆ ಎಣ್ಣೆಯನ್ನು ಇಟ್ಟುಕೊಂಡು.

ಎಣ್ಣೆಯ ಮಟ್ಟದ ವಿಷಯ ಇದಕ್ಕಿಂತ ಗುರುತರವಾದುದು. ಪಂಪಿಲ್ಲದ ಈ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಕೆಳತುದಿಗೆ ಸೌಟಿನಂಥ ಒಂದು ಚಾಚು ಇರುತ್ತದೆ. ಪ್ರತಿ ಸುತ್ತಿಗೂ ಅದು ತಳದ ಎಣ್ಣೆಯಲ್ಲಿ ಮುಳುಗಿ ಎದ್ದು ಎಣ್ಣೆಯನ್ನು ಎಲ್ಲ ಕಡೆಗೂ ಎರಚುತ್ತದೆ: ನಿಮಿಷಕ್ಕೆ 3600 ಸುತ್ತೆಂದರೆ ಸೆಕೆಂಡಿಗೆ 60 ಸಲ. ಮಟ್ಟ ಇಳಿದರೆ ಸೌಟಿಗೆ ಎಣ್ಣೆ ಎಟುಕದು. ಗುಡ್ಡದ ಓರೆಯಲ್ಲಿ ಯಂತ್ರವನ್ನು ವಾಲಿಸಿ ನಿಲ್ಲಿಸಿದರೂ ಎಣ್ಣೆ ಒಂದು ಬದಿಗೆ ಸರಿದು ಇದೇ ವಿಪತ್ತು ಒದಗುತ್ತದೆ. ಆಗ ಟವರ್ ಕಂಡ ಆ ಪದರ ಹರಿದು ಲೋಹಕ್ಕೆ ಲೋಹ ಹತ್ತಿ, ಎಂಜಿನ್ ಕೆಲವೇ ನಿಮಿಷಗಳಲ್ಲಿ ಬಿಗಿದು ನಿಲ್ಲಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ನಿಮಿಷದಲ್ಲಿ ಇಲ್ಲದ ಎಣ್ಣೆ ಖನಿಜವಾಗಿತ್ತೋ ಸಂಶ್ಲೇಷಿತವಾಗಿತ್ತೋ ಎಂಬ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಮಟ್ಟ ಮೀರಿ ತುಂಬುವುದೂ ತರವಲ್ಲ. ನೊರೆಯೆದ್ದು, ಎಣ್ಣೆ ಉರಿಕೋಣೆಗೆ ನುಗ್ಗಿ ಹೊಗೆಯಾಗುತ್ತದೆ. ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ ದಿನವೂ ಅಳತೆಕಡ್ಡಿಯನ್ನು ನೋಡುವುದು ಅರ್ಧ ನಿಮಿಷದ ಕೆಲಸ.

ಕೊಳ್ಳುವವರು ಡಬ್ಬಿಯ ಮೇಲೆ ಹುಡುಕಬೇಕಾದುದು ‘ಸಿಂಥೆಟಿಕ್’ ಎಂಬ ಪದವನ್ನಲ್ಲ, ಎರಡು ಗುರುತುಗಳನ್ನು. ಒಂದು, ಸ್ನಿಗ್ಧತೆಯ ದರ್ಜೆ: ಎಸ್‌ಎಇ 30 ಅಥವಾ 10ಡಬ್ಲ್ಯೂ-30 ಎಂಬಂಥದು. ಇನ್ನೊಂದು, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ದರ್ಜೆ. ಪೆಟ್ರೋಲ್ ಎಂಜಿನ್ನುಗಳಿಗೆ ಇದು ‘ಎಸ್’ ಅಕ್ಷರದಿಂದ ಆರಂಭವಾಗುತ್ತದೆ. ಕೈಪಿಡಿ ‘ಎಸ್‌ಜೆ ಅಥವಾ ಮೇಲಿನದು’ ಎಂದರೆ ಎಸ್‌ಎಲ್, ಎಸ್‌ಎನ್ ಮೊದಲಾದ ಅನಂತರದ ದರ್ಜೆಗಳೂ ಸಲ್ಲುತ್ತವೆ. ಈ ಎರಡೂ ಕೈಪಿಡಿಗೆ ಹೊಂದಿದರೆ, ಮೊಹರು ಒಡೆಯದ ಸಾದಾ ಡಬ್ಬಿ ಧಾರಾಳವಾಗಿ ಸಾಕು. ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಹುತೇಕ ಮೋಟಾರ್ ಸೈಕಲ್ಲುಗಳಲ್ಲಿ ಅದೇ ಎಣ್ಣೆಯಲ್ಲಿ ಕ್ಲಚ್ಚೂ ಮುಳುಗಿರುತ್ತದೆ. ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳಿರುವ ಕಾರಿನ ಎಣ್ಣೆಯನ್ನು ಅಲ್ಲಿಗೆ ಹಾಕಿದರೆ ಕ್ಲಚ್ ಜಾರುವ ಸಂಭವವುಂಟು. ಜಾಸೋ ಎಂಎ ಎಂಬ ಗುರುತಿರುವ ಎಣ್ಣೆಯನ್ನು ಕೇಳಬೇಕು. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸುವ ಎರಡು ಹೊಡೆತದ ಎಂಜಿನ್ನಿಗಂತೂ ಅದಕ್ಕೆಂದೇ ಮಾಡಿದ ಎಣ್ಣೆಯಲ್ಲದೆ ಮತ್ತೊಂದು ಕೂಡದು.

ಬಸಿದ ಹಳೆಯ ಎಣ್ಣೆಯ ಬಗೆಗೂ ಒಂದು ಮಾತು. ಬೇಗ ಬದಲಿಸಿ ಎಂದು ಹೇಳುವ ನಾವು, ಬಸಿದದ್ದನ್ನು ತೋಟದ ಬದಿಗೆ ಚೆಲ್ಲಿ ಎಂದು ಹೇಳುತ್ತಿಲ್ಲ. ಅದರಲ್ಲಿ ಲೋಹಗಳೂ ಅರೆಸುಟ್ಟ ವಿಷವಸ್ತುಗಳೂ ಇರುತ್ತವೆ. ಮಣ್ಣಿಗೂ ಬಾವಿಗೂ ಅದು ಶತ್ರು. ನಮ್ಮ ದೇಶದ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸುವುದು ಯುಕ್ತ.

ಕೊನೆಯದಾಗಿ, ಈ ಗೊಂದಲದ ಹೊಣೆಯನ್ನು ಕೊಳ್ಳುವವನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮೊದಲ ಎಣ್ಣೆಯನ್ನು ಎಷ್ಟು ಗಂಟೆಗೆ ಬದಲಿಸಬೇಕೆಂಬ ಒಂದು ಸಾಲು ಯಂತ್ರದೊಡನೆ ಬರುವ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ಆದರೆ ಅದು ಅವನು ಓದಬಲ್ಲ ಭಾಷೆಯಲ್ಲಿ ಇರುವುದು ವಿರಳ. ಆ ಒಂದು ಸಾಲನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚುಮಾಡಿ, ಎಣ್ಣೆಯ ಮುಚ್ಚಳದ ಪಕ್ಕದಲ್ಲಿಯೇ ಅಂಟಿಸಿ ಕಳುಹಿಸುವುದು ತಯಾರಕರಿಗೆ ಎಷ್ಟರ ಖರ್ಚು? ಮಾರುವವರು ಯಂತ್ರವನ್ನು ಕೊಡುವಾಗ ಮೊದಲ ಬದಲಾವಣೆಗೆ ಬೇಕಾದ ಎಣ್ಣೆಯನ್ನೂ ಜೊತೆಗೇ ಕೊಟ್ಟು, ದಿನಾಂಕವನ್ನು ಗುರುತುಹಾಕಿ ಕೊಡುವುದು ಎಷ್ಟರ ಶ್ರಮ? ಯಂತ್ರಗಳಿಗೆ ಸಹಾಯಧನ ಕೊಡುವ ಇಲಾಖೆಗಳು ಇಷ್ಟನ್ನು ಷರತ್ತಾಗಿ ವಿಧಿಸಿದರೂ ಸಾಕು, ಅನೇಕ ಎಂಜಿನ್ನುಗಳು ಅಕಾಲ ಮರಣದಿಂದ ಪಾರಾದಾವು. ಅಲ್ಲಿಯವರೆಗೆ ಹೊಸ ಎಂಜಿನ್ನನ್ನು ಮನೆಗೆ ತಂದ ವಾಚಕರು ಹೀಗೆ ಮಾಡಲಿ: ಕೈಪಿಡಿ ಹೇಳಿದ ದರ್ಜೆಯ ಖನಿಜ ತೈಲವನ್ನು ಸರಿಯಾದ ಮಟ್ಟಕ್ಕೆ ತುಂಬಲಿ, ಮೊದಲ ಗಂಟೆಗಳ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ, ಅವಧಿ ತುಂಬಿದ ದಿನ, ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ, ಆ ಎಣ್ಣೆಯನ್ನು ಕೊನೆಯ ಹನಿಯವರೆಗೆ ಬಸಿಯಲಿ. ಅನಂತರ ಯಾವ ಡಬ್ಬಿಯನ್ನು ತೆರೆಯಬೇಕೆಂಬುದನ್ನು ಅವರ ಕಿಸೆ ಮತ್ತು ಅವರ ಊರಿನ ಬಿಸಿಲು ತೀರ್ಮಾನಿಸಲಿ.